ಆಯಿಲ್ ಇಳಿಯದ ಗಾಡಿ: ಹಳೇ ಟೂ ಸ್ಟ್ರೋಕ್ ಕೊಳ್ಳುವ ಮೊದಲು ಇದನ್ನು ಓದಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಹಳೇ ಟೂ ಸ್ಟ್ರೋಕ್ ಬೈಕು, ಅಂದರೆ ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುವ ಗಾಡಿ, ಹುಡುಕುತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಮೊಬೈಲಿನಲ್ಲಿ 'ಒರಿಜಿನಲ್ ಜಪಾನ್ ಎಂಡ್ಯೂರೋ, ಎಸ್ಟೇಟ್ ಗಾಡಿ, ಒಬ್ಬರೇ ಓನರ್' ಅನ್ನೋ ಜಾಹೀರಾತು ಕಂಡರೆ ಮೊದಲು ಇದನ್ನು ಓದಿ, ಆಮೇಲೆ ಫೋನ್ ಮಾಡಿ. ನಾನು ಕೊಟ್ಟಿದ್ದು 1,35,000 ರೂಪಾಯಿ. ಗಾಡಿ ನನ್ನ ಕೈಯಲ್ಲಿ ಓಡಿದ್ದು ಸುಮಾರು ನೂರು ಕಿಲೋಮೀಟರ್.

ಹಳ್ಳಕ್ಕೆ ಬೀಳೋಕೆ ನನ್ನ ಕಡೆಯಿಂದಲೂ ತಯಾರಿ ಜೋರಾಗಿತ್ತು ಅನ್ನಿ. ನಾನು ಹುಡುಗನಾಗಿದ್ದಾಗ ಪಕ್ಕದ ಎಸ್ಟೇಟಿನ ರೈಟರ್ ಹತ್ತಿರ ಒಂದು ಯೆಜ್ಡಿ ಇತ್ತು. ಆಷಾಢದ ಮಳೆಯಲ್ಲಿ ನಮ್ಮೂರಿಗೆ ಬಸ್ಸು ನಿಂತರೂ ಅವರ ಗಾಡಿ ನಿಲ್ಲುತ್ತಿರಲಿಲ್ಲ. ಹಿಂದಿನ ಚಕ್ರಕ್ಕೆ ಹಗ್ಗ ಸುತ್ತಿಕೊಂಡು ಕೆಸರಿನ ಏರು ಹತ್ತಿಸುತ್ತಿದ್ದರು. ಅವರು ಹೋದ ಮೇಲೂ ಸುಟ್ಟ ಆಯಿಲಿನ ವಾಸನೆ ತೋಟದ ದಾರಿಯಲ್ಲಿ ಸ್ವಲ್ಪ ಹೊತ್ತು ಇರುತ್ತಿತ್ತು. ಆ ವಾಸನೆಗೆ ನಾವು ಹುಡುಗರು ಹಿಂದೆಯೇ ಓಡುತ್ತಿದ್ದೆವು.

ಅವರ ಮನೆಯಲ್ಲೇ ಹಳೇ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಎಂಡ್ಯೂರೋ, ಅಂದರೆ ಕಾಡುದಾರಿಗೆಂದೇ ಮಾಡಿದ ಗಾಡಿಗಳ ಚಿತ್ರ ಮೊದಲು ನೋಡಿದ್ದು. ಅಂಥ ಗಾಡಿಗಳನ್ನು ಕಾಡು, ಕಲ್ಲು, ಕೆಸರಿನಲ್ಲಿ ಆರು ದಿನ ಓಡಿಸುವ ಒಂದು ಸ್ಪರ್ಧೆಯಿದೆ. 1913ರಿಂದ ನಡೆಯುತ್ತಾ ಬಂದಿದೆ. ಎಂಡ್ಯೂರೋ ಅನ್ನೋ ಪದ ಅದರ ಹೆಸರಿಗೆ ಸೇರಿದ್ದು ಮಾತ್ರ 1981ರಲ್ಲಿ. 1970ರ ದಶಕದ ಶುರುವಿನಲ್ಲಿ ಚೆಕೊಸ್ಲೊವಾಕಿಯಾ ತಂಡ ತನ್ನದೇ ದೇಶದ ಜಾವಾ ಗಾಡಿಗಳಲ್ಲಿ ಅದನ್ನು ವರ್ಷ ವರ್ಷ ಗೆಲ್ಲುತ್ತಿತ್ತು. ರೈಟರ ಯೆಜ್ಡಿ ಮೈಸೂರಿನಲ್ಲಿ ತಯಾರಾದ ಅದೇ ಜಾವಾ ಬಳಗದ ಗಾಡಿ. ಇದನ್ನು ಅವರು ನಮಗೆ ಹೇಳುತ್ತಿದ್ದ ಗತ್ತು ನೋಡಬೇಕಿತ್ತು, ತಾವೇ ಗೆದ್ದು ಬಂದ ಹಾಗೆ. ನನ್ನ ಕಣ್ಣು ಮಾತ್ರ ಇನ್ನೊಂದು ಚಿತ್ರದ ಮೇಲಿತ್ತು. ಯಮಹಾ 1968ರಲ್ಲಿ ತಂದ ಡಿಟಿ-1. 250 ಸಿಸಿ ವರ್ಗದ ಒಂಟಿ ಸಿಲಿಂಡರ್, ಬಿಳಿ ಟ್ಯಾಂಕು, ಎತ್ತರದ ಮಡ್‌ಗಾರ್ಡ್. ಅಂಥ ಗಾಡಿ ನಮ್ಮ ಶೋರೂಮಿಗೆ ಬರಲೇ ಇಲ್ಲ. ಸಿಗದ ವಸ್ತು ಅಂದಮೇಲೆ ಕೇಳಬೇಕಾ?

ಮೂವತ್ತೈದು ವರ್ಷ ಆದಮೇಲೆ ಅದೇ ಬಿಳಿ ಟ್ಯಾಂಕು ಶಿವಮೊಗ್ಗದ ಹೊರಗಿನ ಒಂದು ಶೆಡ್ಡಿನಲ್ಲಿ ನಿಂತಿತ್ತು. ಬಟನ್ ಟೈರು, ಮೇಲಕ್ಕೆ ಎತ್ತಿ ಕಟ್ಟಿದ ಸೈಲೆನ್ಸರ್, ಅಗಲ ಹ್ಯಾಂಡಲ್. ಮಾರುವವನು ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿದ. ನೀಲಿ ಹೊಗೆ ಬಂತು, ಆ ವಾಸನೆ ಬಂತು, ನನ್ನ ಬುದ್ಧಿ ಹೋಯಿತು. ಇಂಜಿನ್ ಆಗಲೇ ಬೆಚ್ಚಗಿತ್ತು. ಕೈಗೆ ಗೊತ್ತಾಯಿತು, ತಲೆಗೆ ಗೊತ್ತಾಗಲಿಲ್ಲ. ನಾನು ಬರುವ ಮೊದಲೇ ಅದನ್ನು ಹತ್ತಾರು ಸಲ ಒದ್ದು ಬಿಸಿ ಮಾಡಿಟ್ಟಿದ್ದ.

ಆರ್‌ಸಿ ನೋಡಿದರೆ ಯಮಹಾ ಆರ್‌ಎಕ್ಸ್ 100, 98 ಸಿಸಿ ಅಂತ ಇತ್ತು. ಕೇಳಿದ್ದಕ್ಕೆ, "ಅಣ್ಣಾ, ಆ ಕಾಲದಲ್ಲಿ ಹೊರಗಿಂದ ತಂದ ಗಾಡಿಗೆಲ್ಲ ಹೀಗೇ ಬರೆಸ್ತಿದ್ರು" ಅಂದ. ನಾನು ನಂಬಿದೆ. ಈಗ ಬರೆಯುವಾಗ ನನಗೇ ನಾಚಿಕೆ. ಆರ್‌ಎಕ್ಸ್ 100 ಇಲ್ಲಿ 1985ರಿಂದ 1996ರವರೆಗೆ ತಯಾರಾದ ಗಾಡಿ. ಮಲೆನಾಡಿನಲ್ಲಿ ಅದನ್ನು ಓಡಿಸದ ಮನೆ ಕಡಿಮೆ. ಅದಕ್ಕೆ ಹೊಸ ಟ್ಯಾಂಕು ಕೂರಿಸಿ ಮಡ್‌ಗಾರ್ಡ್ ಎತ್ತಿದರೆ ಡಿಟಿ ಆಗಿಬಿಡುತ್ತಾ?

ಟೋಪಿ ಬಿದ್ದಿದ್ದು ಅಷ್ಟಕ್ಕೇ ನಿಂತಿದ್ದರೆ ಸುಮ್ನೆ ಇರುತ್ತಿದ್ದೆ. ಜೀವಕ್ಕೆ ಬಂದಿದ್ದು ಆಯಿಲಿನ ವಿಷಯ.

ಟೂ ಸ್ಟ್ರೋಕ್ ಇಂಜಿನ್ನಿನ ಪಿಸ್ಟನ್ನಿಗೆ ಆಯಿಲ್ ಸಿಗೋದು ಪೆಟ್ರೋಲಿನ ಜೊತೆ ಬಂದರೆ ಮಾತ್ರ. ಯೆಜ್ಡಿಗೆ ನಾವೇ ಅಳತೆ ನೋಡಿ ಟ್ಯಾಂಕಿಗೆ ಬೆರೆಸಬೇಕಿತ್ತು. ಆರ್‌ಎಕ್ಸ್‌ಗೆ ಬೇರೆಯೇ ಆಯಿಲ್ ಡಬ್ಬಿ, ಅದಕ್ಕೊಂದು ಸಣ್ಣ ಪಂಪು. ಆಕ್ಸಿಲೇಟರ್ ಎಷ್ಟು ತಿರುಗಿಸುತ್ತೀರಿ ಅಂತ ನೋಡಿಕೊಂಡು ಪಂಪೇ ಆಯಿಲ್ ಬಿಡುತ್ತದೆ. ಈ ಪಂಪು ಹಾಳಾದರೆ ಕೆಲವರು ರಿಪೇರಿಯ ಗೋಜಿಗೆ ಹೋಗದೆ ಕಿತ್ತು ಹಾಕಿ, ತೂತು ಮುಚ್ಚಿ, ಪೆಟ್ರೋಲಿಗೇ ಆಯಿಲ್ ಬೆರೆಸುತ್ತಾರೆ. ಅದು ತಪ್ಪೇನಲ್ಲ. ಕೊಳ್ಳುವವನಿಗೆ ಹೇಳಬೇಕು, ಅಷ್ಟೇ. ನನಗೆ ಹೇಳಿದ್ದು, "ಆಯಿಲ್ ಡಬ್ಬಿ ಫುಲ್ ಇದೆ ಅಣ್ಣಾ, ಆರಾಮಾಗಿ ಹೋಗಿ."

ಟ್ಯಾಂಕಿನಲ್ಲಿ ಅವನು ಬೆರೆಸಿಟ್ಟ ಎರಡು ಮೂರು ಲೀಟರ್ ಪೆಟ್ರೋಲ್ ಇತ್ತು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೂ ಎತ್ತಿದಂತೆ ಬಂತು. ತೀರ್ಥಹಳ್ಳಿ ಬಂಕಿನಲ್ಲಿ ಐದು ಲೀಟರ್ ಬರೀ ಪೆಟ್ರೋಲ್ ಹಾಕಿಸಿದೆ. ಆಯಿಲ್ ಡಬ್ಬಿ ತೆಗೆದು ನೋಡಿದರೆ ಒಂದು ಗೆರೆಯೂ ಇಳಿದಿರಲಿಲ್ಲ. 'ಜಪಾನ್ ಇಂಜಿನ್ ಅಂದರೆ ಇದು, ಆಯಿಲ್ ಕುಡಿಯೋದೇ ಇಲ್ಲ' ಅಂತ ಹೆಂಡತಿಗೆ ಫೋನ್ ಮಾಡಿ ಬೇರೆ ಹೇಳಿದೆ. ಆಗುಂಬೆ ತಲುಪುವಾಗ ಹೊಗೆಯೂ ಕಡಿಮೆಯಾಯಿತು. ಇಂಜಿನ್ ಕ್ಲೀನ್ ಆಯಿತು ಅಂದುಕೊಂಡೆ. ಆಗ ಒಳಗೆ ಆಯಿಲ್ ಮುಗಿಯುತ್ತಿತ್ತು.

ಆಗುಂಬೆ ಘಾಟಿಗೆ 14 ಹೇರ್‌ಪಿನ್ ತಿರುವು. ಇಳಿಜಾರು ಅಂತ ಎರಡನೇ ಗೇರಿಗೆ ಹಾಕಿ ಆಕ್ಸಿಲೇಟರ್ ಪೂರ್ತಿ ಬಿಟ್ಟೆ. ಪೆಟ್ರೋಲಿಗೆ ಆಯಿಲ್ ಬೆರೆಸಿದ ಗಾಡಿಯಲ್ಲಿ ಹೀಗೆ ಉದ್ದಕ್ಕೆ ಇಳಿಯಲೇಬಾರದು. ಚಕ್ರ ಇಂಜಿನ್ನನ್ನು ಜೋರಾಗಿ ತಿರುಗಿಸುತ್ತಿರುತ್ತದೆ, ಪೆಟ್ರೋಲ್ ಹೋಗುತ್ತಿರುವುದಿಲ್ಲ, ಪೆಟ್ರೋಲ್ ಇಲ್ಲದೆ ಆಯಿಲೂ ಇಲ್ಲ. ಗೊತ್ತಿದ್ದವರು ನಡುನಡುವೆ ಚೂರು ಆಕ್ಸಿಲೇಟರ್ ಕೊಡುತ್ತಾ ಇಳಿಯುತ್ತಾರೆ. ನನಗಂತೂ ಬೆರೆಸಿದ ಗಾಡಿ ಅನ್ನೋದೇ ಗೊತ್ತಿರಲಿಲ್ಲ.

ಐದಾರು ತಿರುವು ದಾಟಿದ್ದೆ. 'ಕೀಂಯ್' ಅಂತ ಒಂದು ಸದ್ದು. ಹಿಂದಿನ ಚಕ್ರ ಕಚ್ಚಿಕೊಂಡು ನಿಂತಿತು. ಗಾಡಿ ಮಾತ್ರ ನಿಲ್ಲಲಿಲ್ಲ, ಅಡ್ಡಡ್ಡ ಜಾರಿತು. ಎದುರಿನಿಂದ ಮಿನಿ ಬಸ್ಸೊಂದು ಏರುತ್ತಿತ್ತು. ಕ್ಲಚ್ ಹಿಡಿದಿದ್ದರೆ ಚಕ್ರ ಬಿಡುತ್ತಿತ್ತು, ಆದರೆ ಕೈಗೆ ನೆನಪು ಬರುವಷ್ಟರಲ್ಲಿ ನಾನು ನೆಲದ ಮೇಲಿದ್ದೆ. ಡ್ರೈವರ್ ನಿಧಾನಕ್ಕೆ ಬರುತ್ತಿದ್ದ ಪುಣ್ಯ. ಮೊಣಕೈ ಮುರಿಯಿತು, ಮಂಡಿಗೆ ಹೊಲಿಗೆ ಬಿತ್ತು, ಹೆಲ್ಮೆಟ್ ಒಂದು ಪಕ್ಕ ಸವೆದುಹೋಯಿತು.

ಗಾಡಿಯನ್ನು ಪಿಕಪ್ಪಿನಲ್ಲಿ ತೀರ್ಥಹಳ್ಳಿಗೆ ತಂದು ಪರಿಚಯದ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದೆ. ಅವರು ಪಕ್ಕದ ಮುಚ್ಚಳ ತೆಗೆದವರೇ, "ಎಂತ ಮಾರಾಯ್ರೆ, ಪಂಪೇ ಇಲ್ವಲ್ಲ ಇದಕ್ಕೆ!" ಅಂದರು. ಡಬ್ಬಿಯಿಂದ ಬಂದ ಪೈಪಿಗೆ ಒಂದು ಬೋಲ್ಟ್ ತುರುಕಿ ಕಟ್ಟಿದ್ದರು. ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಸಿಲಿಂಡರಿಗೆ ಮೆತ್ತಿಕೊಂಡಿತ್ತು. ಮತ್ತೆ ಬೋರಿಂಗ್ ಮಾಡಿಸೋಣ, ಅಂದರೆ ಸಿಲಿಂಡರಿನ ಒಳಗೆ ಕೊರೆಸಿ ನುಣುಪು ಮಾಡಿಸೋಣ ಅಂದರೆ ಅದಕ್ಕೂ ಜಾಗ ಉಳಿದಿರಲಿಲ್ಲ, ಹಿಂದಿನವರು ಕೊರೆದು ಕೊರೆದು ಕೊನೆಯ ಸೈಜಿಗೆ ತಂದಿದ್ದರು.

ಆಮೇಲೆ ಅವರೇ ಹ್ಯಾಂಡಲ್ ಕೆಳಗೆ ಚಾಸಿ ನಂಬರ್ ಇರುವ ಕಡೆ ಥಿನ್ನರ್ ಹಚ್ಚಿ ಒರೆಸಿದರು. ಪೇಂಟಿನ ಅಡಿಯಲ್ಲಿ ಗ್ರೈಂಡರ್ ಗೆರೆ. ಅಂಕಿಗಳು ಒಂದು ಮೇಲೆ, ಒಂದು ಕೆಳಗೆ. ಕೈಯಲ್ಲಿ ಹೊಡೆದ ಪಂಚು. ಆರ್‌ಸಿಯಲ್ಲಿದ್ದ ಹೆಸರಿನ ಯಜಮಾನರನ್ನು ಹುಡುಕಿ ಮಾತಾಡಿದೆ. "ಆ ಗಾಡಿ ಗುಜರಿಗೆ ಹಾಕಿ ಹತ್ತು ವರ್ಷ ಆಯ್ತಪ್ಪ" ಅಂದರು. ಅಂದರೆ ಕಾಗದ ಸತ್ತ ಗಾಡಿಯದ್ದು, ಚಾಸಿ ಯಾರದ್ದೋ. ನಂಬರ್ ತಿದ್ದಿದ ಗಾಡಿ ಹೆಸರಿಗೆ ಆಗುವುದಿಲ್ಲ. ಕದ್ದ ಮಾಲಾಗಿದ್ದರೆ ಇಟ್ಟುಕೊಂಡವನೂ ಉತ್ತರ ಹೇಳಬೇಕು. ಠಾಣೆಗೆ ದೂರು ಕೊಟ್ಟು ಗಾಡಿಯನ್ನೂ ಒಪ್ಪಿಸಿ ಬಂದೆ. ಶೆಡ್ಡು ಒಂದು ತಿಂಗಳ ಬಾಡಿಗೆಯದ್ದಂತೆ. ಫೋನ್ ಸ್ವಿಚ್ ಆಫ್.

ನೀವು ಗಾಡಿ ನೋಡೋಕೆ ಹೋಗುವಾಗ, ಸ್ಟಾರ್ಟ್ ಮಾಡದೆ ಇಟ್ಟಿರಿ ಅಂತ ಮೊದಲೇ ಹೇಳಿ. ಹೋದ ತಕ್ಷಣ ಇಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಟೀ ಕುಡಿಯಲು ಹೋಗಿ, ತಣ್ಣಗಾದ ಮೇಲೆ ಬಂದು ನೀವೇ ಕಿಕ್ ಹೊಡೆಯಿರಿ. ಆಯಿಲ್ ಪಂಪಿನ ಮುಚ್ಚಳ ತೆಗೆಸಿ ನೋಡದೆ ಬರಬೇಡಿ. ಅವನು ಬೇಡ ಅಂದರೆ ಅಲ್ಲೇ ಉತ್ತರ ಸಿಕ್ಕಿತು. ಡಬ್ಬಿಗೆ ಗುರುತು ಹಾಕಿಕೊಳ್ಳಿ, ಆಯಿಲ್ ಇಳಿಯದಿದ್ದರೆ ಖುಷಿಪಡಬೇಡಿ. ಅನುಮಾನ ಇದ್ದರೆ ಪಂಪು ಖಾತ್ರಿಯಾಗುವವರೆಗೆ ಪೆಟ್ರೋಲಿಗೂ ಆಯಿಲ್ ಬೆರೆಸಿ. ಹೊಗೆ ಜಾಸ್ತಿ ಬರುತ್ತೆ, ಬರಲಿ. ಎಡಗೈಯ ಎರಡು ಬೆರಳು ಸದಾ ಕ್ಲಚ್ ಮೇಲಿರಲಿ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಅಡ್ವಾನ್ಸ್ ಕೊಡುವ ಮೊದಲೇ ಆರ್‌ಸಿ ಓನರ್ ಜೊತೆ ನೇರವಾಗಿ ಮಾತಾಡಿ. ಇನ್ನು, ಆರ್‌ಸಿಯಲ್ಲಿ ಒಂದು ಹೆಸರು, ಮಾರುವವನ ಬಾಯಲ್ಲಿ ಇನ್ನೊಂದು ಹೆಸರು ಅಂತಾದರೆ ನನ್ನ ಹಾಗೆ ಕಥೆ ಕೇಳುತ್ತಾ ನಿಲ್ಲಬೇಡಿ.

ಕಳೆದ ವಾರ ಇನ್ನೊಂದು ಜಾಹೀರಾತು ನೋಡಿದೆ. ಶೆಡ್ಡು ಬೇರೆ, ಫೋನ್ ನಂಬರ್ ಬೇರೆ, ಟ್ಯಾಂಕು ಈ ಸಲ ಕೆಂಪು. ಬರಹ ಮಾತ್ರ ಅದೇ: ಎಸ್ಟೇಟ್ ಗಾಡಿ, ಒಬ್ಬರೇ ಓನರ್. ಸ್ಕ್ರೀನ್‌ಶಾಟ್ ತೆಗೆದು ಠಾಣೆಗೆ ಕೊಟ್ಟಿದ್ದೇನೆ.