ದುಬೈನ ಎರಡು ತರಗತಿಗಳು: ಭಾರತೀಯ ಶಾಲೆಯಲ್ಲಿ ಮೂರು ವರ್ಷ, ಬ್ರಿಟಿಷ್ ಶಾಲೆಯಲ್ಲಿ ಮೂರು ವರ್ಷ

ದುಬೈಗೆ ಬರಲು ಹೊರಟಿರುವ ನಮ್ಮ ಕಡೆಯ ಶಿಕ್ಷಕಿಯರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ಭಾರತೀಯ ಶಾಲೆಗೆ ಸೇರುವುದೋ, ಬ್ರಿಟಿಷ್ ಶಾಲೆಗೋ? ಎರಡರಲ್ಲಿಯೂ ಪುಟ್ಟ ಮಕ್ಕಳಿಗೆ ಪಾಠ ಮಾಡಿದ್ದೇನೆ. 2018ರ ಏಪ್ರಿಲ್‌ನಿಂದ ಮೂರು ವರ್ಷ ಸಿಬಿಎಸ್‌ಇ ಶಾಲೆಯೊಂದರಲ್ಲಿ ಒಂದನೇ ತರಗತಿ. 2021ರ ಆಗಸ್ಟ್ ಕೊನೆಯಿಂದ ಮೂರು ವರ್ಷ ಬ್ರಿಟಿಷ್ ಪಠ್ಯಕ್ರಮದ ಶಾಲೆಯೊಂದರಲ್ಲಿ. ಅಲ್ಲಿ ಮೊದಲ ವರ್ಷ ಸಹಾಯಕ ಶಿಕ್ಷಕಿ, ಆಮೇಲೆ ‘ಇಯರ್ ಒನ್’ನ ತರಗತಿ ಶಿಕ್ಷಕಿ. ಸಂಬಳದ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ನಾನು ಅಳೆಯುವುದು ಇನ್ನೊಂದನ್ನು: ಓದಲು ಬಾರದ ಒಂದು ಮಗುವಿನ ಪಕ್ಕದಲ್ಲಿ ದಿನಕ್ಕೆ ಎಷ್ಟು ನಿಮಿಷ ಕುಳಿತುಕೊಳ್ಳಲು ಸಾಧ್ಯವಾಗುತ್ತದೆ?

ಹೋಲಿಸುವ ಮೊದಲು ಒಂದು ಮಾತು. ‘ಇಯರ್ ಒನ್’ ಎಂದರೆ ನಮ್ಮ ಒಂದನೇ ತರಗತಿಯಲ್ಲ. ಆ ಮಕ್ಕಳಿಗೆ ಐದು ತುಂಬಿ ಆರು ನಡೆಯುತ್ತಿರುತ್ತದೆ. ನಮ್ಮ ಲೆಕ್ಕದಲ್ಲಿ ಅದು ಯುಕೆಜಿ. ಭಾರತೀಯ ಶಾಲೆಯ ಒಂದನೇ ತರಗತಿಗೆ ಸರಿಸಾಟಿ ಅಲ್ಲಿನ ‘ಇಯರ್ ಟೂ’. ಇದನ್ನು ಮರೆತು ಎರಡು ಕಡೆಯ ಮಕ್ಕಳ ಬರವಣಿಗೆಯನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಬ್ರಿಟಿಷ್ ಶಾಲೆಯ ಮಕ್ಕಳಿಗೆ ಅನ್ಯಾಯವಾಗುತ್ತದೆ.

ಭಾರತೀಯ ಶಾಲೆಯಲ್ಲಿ ನನ್ನ ತರಗತಿಯಲ್ಲಿ 28 ಮಕ್ಕಳಿದ್ದರು, ಸಹಾಯಕಿ ಇರಲಿಲ್ಲ. ನಲವತ್ತು ನಿಮಿಷಕ್ಕೊಮ್ಮೆ ಗಂಟೆ. ಆರು ವರ್ಷದ ಮಗು ಒಂದೇ ದಿನದಲ್ಲಿ ಇಂಗ್ಲಿಷ್, ಹಿಂದಿ, ಅರಬ್ಬಿ ಮೂರನ್ನೂ ಬರೆಯಬೇಕಿತ್ತು. ಇಲ್ಲಿನ ಖಾಸಗಿ ಶಾಲೆಗಳಲ್ಲಿ ಅರಬ್ಬಿ ಕಡ್ಡಾಯ, ಅದು ಬಲದಿಂದ ಎಡಕ್ಕೆ ಸಾಗುವ ಲಿಪಿ. ಅರಬ್ಬಿ ತರಗತಿ ಮುಗಿದ ಮೇಲೆ ನಾನು ಒಳಗೆ ಹೋದರೆ ನಾಲ್ಕಾರು ಮಕ್ಕಳು ಇಂಗ್ಲಿಷ್ ಪುಸ್ತಕವನ್ನೂ ಹಿಂದಿನಿಂದ ತೆರೆದು ಕೂತಿರುತ್ತಿದ್ದರು. ಅವರನ್ನು ಎಡಬದಿಗೆ ತಂದು, ದಿನಾಂಕ ಬರೆಸಿ, ಅಂಚು ಎಳೆಸುವಷ್ಟರಲ್ಲಿ ಹತ್ತು ನಿಮಿಷ ಹೋಗಿರುತ್ತಿತ್ತು. ಸಂಜೆಗೆ 28 ನೋಟ್‌ಪುಸ್ತಕಗಳ ತಿದ್ದುವಿಕೆ. ನನ್ನ ಅಳತೆಯ ಪ್ರಶ್ನೆಗೆ ಅಲ್ಲಿಯ ಉತ್ತರ: ಒಂದು ಮಗುವಿನ ಪಕ್ಕದಲ್ಲಿ ದಿನಕ್ಕೆ ಒಂದು ನಿಮಿಷವೂ ಇಲ್ಲ.

ಅದರ ಬೆಲೆಯನ್ನು ಒಬ್ಬ ಹುಡುಗ ತೆತ್ತ. ಉಡುಪಿ ಕಡೆಯವನು, ಚುರುಕು, ಪಾಠ ಓದಲು ಹೇಳಿದರೆ ಬೆರಳಿಟ್ಟು ಒಂದೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ನವೆಂಬರ್‌ನಲ್ಲಿ ಒಂದು ದಿನ ಅವನ ಪುಸ್ತಕದ ಎರಡು ಹಾಳೆ ಒಟ್ಟಿಗೆ ಮಗುಚಿಕೊಂಡವು. ಅವನು ಕಣ್ಣಮುಂದೆ ಇಲ್ಲದ ಪುಟವನ್ನೇ ಓದುತ್ತಾ ಹೋದ. ಏಪ್ರಿಲ್‌ನಿಂದ ಅವನು ಒಂದು ಪದವನ್ನೂ ಓದಿರಲಿಲ್ಲ, ಎಲ್ಲವೂ ಬಾಯಿಪಾಠ. ಏಳು ತಿಂಗಳು ನನಗೆ ಅದು ತಿಳಿಯಲಿಲ್ಲ ಎಂಬ ನೋವು ಇಂದಿಗೂ ಆರಿಲ್ಲ.

ಆದರೆ ಅದೇ ಶಾಲೆ ನನಗೆ ಇನ್ನೊಂದನ್ನು ಕೊಟ್ಟಿತು. ಮಧ್ಯಾಹ್ನ ಹುಡುಗನನ್ನು ಕರೆದೊಯ್ಯಲು ಬರುತ್ತಿದ್ದವರು ಅವನ ಅಜ್ಜಿ. ಗೇಟಿನ ಬಳಿ ಅವರು ದಿನವೂ ಕೇಳುತ್ತಿದ್ದುದು, “ಟೀಚರೇ, ನಮ್ಮ ಹುಡುಗ ಡಬ್ಬಿ ಖಾಲಿ ಮಾಡಿದನಾ?” ಎಂದು. ಅಂದು ನಾನು ಕನ್ನಡದಲ್ಲಿಯೇ ವಿಷಯ ಹೇಳಿದೆ. ಅವರು ಸ್ವಲ್ಪ ಯೋಚಿಸಿ, “ನನಗೆ ಇಂಗ್ಲಿಷ್ ಬಾರದು ಟೀಚರೇ, ಕನ್ನಡ ಅಕ್ಷರ ಕಲಿಸಿದರೆ ಏನಾದರೂ ಪ್ರಯೋಜನ ಆದೀತೇ?” ಎಂದರು. ಖಾತರಿಯಿಲ್ಲದೆಯೇ ಹೂಂ ಎಂದೆ. ಸಂಜೆ ಹೊತ್ತು ತಟ್ಟೆಯಲ್ಲಿ ಅಕ್ಕಿ ಹರಡಿ ಅವರು ಅವನಿಂದ ಕಾಗುಣಿತ ತಿದ್ದಿಸಿದರು. ಅಕ್ಷರ ಎಂದರೆ ಒಂದು ಧ್ವನಿ ಎಂಬುದು ಅವನಿಗೆ ಮೊದಲು ಹೊಳೆದದ್ದು ಆ ಅಕ್ಕಿಯ ತಟ್ಟೆಯಲ್ಲಿ. ಫೆಬ್ರವರಿಯ ಹೊತ್ತಿಗೆ ಇಂಗ್ಲಿಷಿನ ಸಣ್ಣ ಪದಗಳನ್ನೂ ಅವನು ಬಿಡಿಸಿ ಓದತೊಡಗಿದ. ಮನೆಯವರೊಂದಿಗೆ ಇಷ್ಟು ನೇರವಾಗಿ, ಅವರದೇ ಭಾಷೆಯಲ್ಲಿ ಮಾತಾಡುವ ಭಾಗ್ಯ ಬ್ರಿಟಿಷ್ ಶಾಲೆಯಲ್ಲಿ ಸಿಗುವುದು ಅಪರೂಪ. ಅಲ್ಲಿ ಹೆಚ್ಚಿನ ಮಾತು ಆ್ಯಪ್‌ನ ಸಂದೇಶದಲ್ಲಿಯೇ ಮುಗಿಯುತ್ತದೆ. ಎಷ್ಟೋ ಮಕ್ಕಳ ಅಜ್ಜಿಯರ ಮುಖವನ್ನು ನಾನು ನೋಡಿಯೇ ಇಲ್ಲ.

ಇನ್ನು ಓದು ಕಲಿಸುವ ಬಗೆ. ಇಲ್ಲಿ ಬ್ರಿಟಿಷ್ ಶಾಲೆ ಬಹಳ ಮುಂದಿದೆ ಎಂದು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ನನ್ನ ತರಗತಿಯಲ್ಲಿ 22 ಮಕ್ಕಳು, ಜೊತೆಗೊಬ್ಬ ಸಹಾಯಕಿ. ಪ್ರತಿದಿನ ಬೆಳಿಗ್ಗೆ ಜಮಖಾನೆಯ ಮೇಲೆ ಕೂರಿಸಿ ಫೋನಿಕ್ಸ್ ಪಾಠ. ಇಂಗ್ಲಿಷಿನಲ್ಲಿ ಅಕ್ಷರ 26 ಇದ್ದರೂ ಧ್ವನಿಗಳು ಸುಮಾರು 44 ಎಂದು ಎಣಿಸಿ, ಮೊದಲು ಸ್, ಆ್ಯ, ಟ್, ಪ್, ಇ, ನ್ ಎಂಬ ಆರು ಧ್ವನಿಗಳಿಂದ ಶುರುಮಾಡಿ, ಕೂಡಿಸಿ ಓದಿಸುತ್ತಾ ಹೋಗುತ್ತಾರೆ. ತರಬೇತಿಯ ಮೊದಲ ದಿನ ನಾನು ‘ಮ’ ಎಂದೆ. ತರಬೇತುದಾರರು ತಡೆದು, ತುಟಿ ಬಿಡಿಸದೆ ‘ಮ್‌’ ಎನ್ನಿ ಎಂದರು. ನಮ್ಮ ವ್ಯಂಜನದ ಒಳಗೆ ಅಕಾರ ಮೊದಲೇ ಸೇರಿರುತ್ತದೆ. ‘ಕ, ಆ್ಯ, ಟ’ ಎಂದು ಬಿಡಿಬಿಡಿಯಾಗಿ ಹೇಳಿಕೊಟ್ಟರೆ ಮಗುವಿಗೆ ‘ಕ್ಯಾಟ್’ ಕೇಳಿಸುವುದಿಲ್ಲ. ‘ಕ್, ಆ್ಯ, ಟ್’ ಎಂದರೆ ತಟ್ಟನೆ ಕೂಡಿಕೊಳ್ಳುತ್ತದೆ. ತೀರ್ಥಹಳ್ಳಿಯ ಬಳಿಯ ನನ್ನ ಸರಕಾರಿ ಶಾಲೆಯಲ್ಲಿ ಮೇಷ್ಟ್ರು ಹಲಗೆಯ ಮೇಲೆ ‘ಕ್ + ಆ = ಕಾ’ ಎಂದು ಬರೆಯುತ್ತಿದ್ದುದು ನೆನಪಾಯಿತು. ಕಾಗುಣಿತ ಬಲ್ಲ ಶಿಕ್ಷಕಿಗೆ ಈ ವಿಧಾನ ಬೇಗ ಕೈಹತ್ತುತ್ತದೆ. ಮೂರು ವರ್ಷ ಅದನ್ನು ಇಂಗ್ಲಿಷಿಗೆ ಹೊಂದಿಸಬೇಕೆಂದು ನನಗೆ ತೋಚಿರಲಿಲ್ಲ.

ಇಂಗ್ಲೆಂಡಿನಲ್ಲಿ 2012ರಿಂದ ‘ಇಯರ್ ಒನ್’ ಮಕ್ಕಳಿಗೆ ಜೂನ್‌ನಲ್ಲಿ ಒಂದು ಫೋನಿಕ್ಸ್ ಪರೀಕ್ಷೆ ನಡೆಯುತ್ತದೆ. ನಮ್ಮ ಶಾಲೆಯೂ ಅದನ್ನು ಅನುಸರಿಸುತ್ತಿತ್ತು. ಶಿಕ್ಷಕಿ ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು 40 ಪದಗಳನ್ನು ಓದಿಸಬೇಕು. ಅವುಗಳಲ್ಲಿ 20 ನಿಜವಾದ ಪದಗಳು, 20 ಅರ್ಥವೇ ಇಲ್ಲದ ಕಟ್ಟುಪದಗಳು. ಕಟ್ಟುಪದದ ಪಕ್ಕದಲ್ಲಿ ಒಂದು ವಿಚಿತ್ರ ಪ್ರಾಣಿಯ ಚಿತ್ರವಿರುತ್ತದೆ, ಅದು ಆ ಪ್ರಾಣಿಯ ಹೆಸರು ಎಂದು ಮಗುವಿಗೆ ಹೇಳಿರುತ್ತೇವೆ. ಎಲ್ಲಿಯೂ ಕೇಳಿರದ ಪದವನ್ನು ಬಾಯಿಪಾಠ ಮಾಡಲು ಬರುವುದಿಲ್ಲ, ಊಹಿಸಲೂ ಬರುವುದಿಲ್ಲ. ಮೊದಲ ಸಲ ಆ ಹಾಳೆಯನ್ನು ಕೈಯಲ್ಲಿ ಹಿಡಿದಾಗ ನನ್ನ ಉಡುಪಿಯ ಹುಡುಗ ಕಣ್ಣಮುಂದೆ ಬಂದ. ಇಂಥದೊಂದು ಹಾಳೆ ಜೊತೆಗಿದ್ದಿದ್ದರೆ ಐದು ನಿಮಿಷದಲ್ಲಿ, ಜೂನ್‌ನಲ್ಲಿಯೇ, ಅವನು ಓದುತ್ತಿಲ್ಲವೆಂದು ಗೊತ್ತಾಗುತ್ತಿತ್ತು.

ಬ್ರಿಟಿಷ್ ಶಾಲೆಯಲ್ಲಿ ಸಮಯವನ್ನು ತಿನ್ನುವುದು ಬೇರೆಯದು. ನೋಟ್‌ಪುಸ್ತಕದ ರಾಶಿ ಕಡಿಮೆ. ಆದರೆ ಪ್ರತಿ ಮಗುವಿನ ಪ್ರಗತಿಯನ್ನು ಕಂಪ್ಯೂಟರಿಗೆ ತುಂಬಬೇಕು, ಚಟುವಟಿಕೆಯ ಫೋಟೊ ತೆಗೆದು ಅದು ಯಾವ ಗುರಿಗೆ ಪುರಾವೆ ಎಂದು ಬರೆಯಬೇಕು. ನನ್ನ ಎಷ್ಟೋ ಸಂಜೆಗಳು ಇದರಲ್ಲಿಯೇ ಹೋಗಿವೆ. ಆದರೂ ಆ ಕೆಲಸ ಮಕ್ಕಳು ಮನೆಗೆ ಹೋದ ಮೇಲಿನದು. ಮಕ್ಕಳು ಎದುರಿಗಿರುವ ಹೊತ್ತಿನಲ್ಲಿ, ಸಹಾಯಕಿ ಉಳಿದವರನ್ನು ನೋಡಿಕೊಳ್ಳುತ್ತಿರುವಾಗ, ದಿನಕ್ಕೆ ನಾಲ್ಕೈದು ಮಕ್ಕಳ ಪಕ್ಕದಲ್ಲಿ ಐದೈದು ನಿಮಿಷ ಕೂರುವುದು ಸಾಧ್ಯವಾಗುತ್ತಿತ್ತು. ಎಲ್ಲ ಮಕ್ಕಳ ಸರದಿಯೂ ವಾರಕ್ಕೊಮ್ಮೆ ಬರುತ್ತಿತ್ತು.

ಶಾಲಾ ವರ್ಷವೂ ವ್ಯತ್ಯಾಸ ಮಾಡುತ್ತದೆ. ಭಾರತೀಯ ಶಾಲೆಯ ಮಕ್ಕಳು ಏಪ್ರಿಲ್‌ನಲ್ಲಿ ಸೇರಿ, ಮೂರು ತಿಂಗಳು ಕಲಿತು, ಜುಲೈ-ಆಗಸ್ಟ್‌ನ ಬಿಸಿಲಿನ ರಜೆಗೆ ಊರಿಗೆ ಹೋಗುತ್ತಾರೆ. ಮರಳಿ ಬಂದಾಗ ಅರ್ಧ ಮರೆತಿರುತ್ತದೆ. ಬ್ರಿಟಿಷ್ ಶಾಲೆ ಬೇಸಿಗೆ ರಜೆ ಮುಗಿದ ಮೇಲೆಯೇ ಶುರುವಾಗುವುದರಿಂದ ಈ ಕಡಿತ ನಡುವೆ ಬರುವುದಿಲ್ಲ. ಲೆಕ್ಕದಲ್ಲಿ ಮಾತ್ರ ನಮ್ಮವರ ದಿನನಿತ್ಯದ ಅಭ್ಯಾಸವೇ ನನಗೆ ಇಷ್ಟ. ಕೂಡುವ ಕಳೆಯುವ ವೇಗದಲ್ಲಿ ನನ್ನ ಭಾರತೀಯ ಶಾಲೆಯ ಮಕ್ಕಳು ಗಟ್ಟಿ ಇದ್ದರು.

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ಮೊದಲ ಶಾಲೆಯಲ್ಲಿ ನನಗೆ ತಿಂಗಳಿಗೆ 3,800 ದಿರ್ಹಂ ಸಿಗುತ್ತಿತ್ತು. ಬ್ರಿಟಿಷ್ ಶಾಲೆಯಲ್ಲಿ ಸಹಾಯಕಿಯಾಗಿ ಹೆಚ್ಚುಕಡಿಮೆ ಅಷ್ಟೇ, ತರಗತಿ ಶಿಕ್ಷಕಿಯಾದ ಮೇಲೆ 8,500. ಬ್ರಿಟನ್ನಿನಿಂದ ನೇಮಕವಾಗಿ ಬಂದ ಸಹೋದ್ಯೋಗಿಗಳಿಗೆ ಮನೆಯೂ ವಿಮಾನದ ಟಿಕೆಟ್ಟೂ ಸಿಗುತ್ತಿತ್ತು. ಗಂಡನ ವೀಸಾದ ಮೇಲೆ ಇಲ್ಲಿಯೇ ಇದ್ದ ನನಗೆ ಸಿಗಲಿಲ್ಲ. ಒಪ್ಪಂದಕ್ಕೆ ಸಹಿ ಹಾಕುವಾಗ ಒಟ್ಟು ಸಂಬಳಕ್ಕಿಂತ ಮೊದಲು ಮೂಲ ವೇತನ ಎಷ್ಟೆಂದು ನೋಡಿ. ಕೆಲಸ ಬಿಡುವಾಗ ಬರುವ ಗ್ರಾಚ್ಯುಟಿಯ ಲೆಕ್ಕ ಅದರ ಮೇಲೆಯೇ: ಮೊದಲ ಐದು ವರ್ಷ ವರ್ಷಕ್ಕೆ 21 ದಿನಗಳ ಮೂಲ ವೇತನ, ಆಮೇಲೆ ವರ್ಷಕ್ಕೆ 30 ದಿನಗಳದು. ಪದವಿ ಮತ್ತು ಬಿ.ಇಡಿ. ಪ್ರಮಾಣಪತ್ರಗಳ ದೃಢೀಕರಣವನ್ನು ಊರು ಬಿಡುವ ಮೊದಲೇ ಮುಗಿಸಿಕೊಳ್ಳಿ. ಇಲ್ಲಿಗೆ ಬಂದ ಮೇಲೆ ಅದಕ್ಕಾಗಿ ಅಲೆಯುವುದು ಬಹಳ ಕಷ್ಟ.

ಹೊಸದಾಗಿ ಬರುವವರಿಗೆ ನಾನು ಹೇಳುವುದು, ಭಾರತೀಯ ಶಾಲೆಯಿಂದ ಶುರುಮಾಡಿ ಎಂದು. ಅಲ್ಲಿ ನಮ್ಮ ಬಿ.ಇಡಿ.ಗೆ ಬೆಲೆಯಿದೆ, ಬೇಗ ಸ್ವಂತ ತರಗತಿ ಸಿಗುತ್ತದೆ. ಎರಡು ಮೂರು ವರ್ಷಗಳ ನಂತರ, ಒಂದು ವರ್ಷ ಸಹಾಯಕಿಯಾಗಿ ಹಿಂದೆ ಸರಿಯಬೇಕಾದರೂ ಸರಿಯೇ, ಬ್ರಿಟಿಷ್ ಶಾಲೆಗೆ ಹೋಗಿ. ಓದು ಕಲಿಸುವುದನ್ನು ನಾನು ನಿಜವಾಗಿ ಕಲಿತದ್ದು ಆ ಒಂದು ವರ್ಷದಲ್ಲಿ.

ಬರುವ ಏಪ್ರಿಲ್‌ನಲ್ಲಿ ಗೆಳತಿಯೊಬ್ಬಳು ನನ್ನ ಹಳೆಯ ಶಾಲೆಯಲ್ಲಿ ಒಂದನೇ ತರಗತಿಗೆ ಸೇರುತ್ತಿದ್ದಾಳೆ. ಅವಳಿಗಾಗಿ ಇಪ್ಪತ್ತು ಕಟ್ಟುಪದಗಳ ಒಂದು ಹಾಳೆ ತಯಾರಿಸಿ, ಪಕ್ಕದಲ್ಲಿ ಪ್ರಾಣಿಗಳ ಚಿತ್ರವನ್ನೂ ಬರೆದು ಕೊಟ್ಟಿದ್ದೇನೆ. ಎಲ್ಲರಿಗಿಂತ ಚೆನ್ನಾಗಿ ಪಾಠ ಒಪ್ಪಿಸುವ ಮಗುವಿನಿಂದ ಮೊದಲು ಓದಿಸು ಎಂದಿದ್ದೇನೆ.