ಟಗರು ಕೊಯ್ಯುವ ಹದಕ್ಕೆ ಬಂತಾ? ತಕ್ಕಡಿ, ಟೇಪು, ಹಲ್ಲು ಎಲ್ಲಾ ನೋಡಿದೆ, ನನ್ನ ಓಟು ಕೈಗೆ

ಮನೆಯಲ್ಲಿ ಮೇಯಿಸಿದ ಟಗರು ಕೊಯ್ಯೋಕೆ ಬಂದಿದೆಯಾ ಅಂತ ತಿಳಿಯೋಕೆ ಬೆನ್ನು ಮುಟ್ಟಿ ನೋಡುವುದಕ್ಕಿಂತ ಒಳ್ಳೆಯ ದಾರಿ ನನಗಂತೂ ಸಿಕ್ಕಿಲ್ಲ. ದುಡ್ಡು ಕೊಟ್ಟು ತಕ್ಕಡಿ ತಂದ ಮೇಲೂ ಇದೇ ಮಾತು ಹೇಳ್ತೀನಿ.

ನಮ್ಮದು ಜಗಳೂರು ಕಡೆ. ಹಿತ್ತಲಲ್ಲಿ ಕುರಿ ಕಟ್ಟುವ ರೊಪ್ಪ ಇದೆ. ವರ್ಷ ವರ್ಷ ಬಳ್ಳಾರಿ ತಳಿಯ ಗಂಡುಮರಿ ತಂದು ಕಟ್ಟಿ ಮೇಯಿಸುತ್ತೇವೆ. ಶೇಂಗಾ ಹೊಟ್ಟು, ಹೊಲದ್ದೇ ಮೆಕ್ಕೆಜೋಳದ ನುಚ್ಚು, ಸ್ವಲ್ಪ ಹಿಂಡಿ. ಒಂದೆರಡು ಮನೆಗೆ, ಉಳಿದವು ಮಾರಾಟಕ್ಕೆ.

ಮೊದಲು ತಕ್ಕಡಿ, ಯಾಕಂದ್ರೆ ಎಲ್ಲರೂ ಕೇಳುವುದು ಅದನ್ನೇ. ಕೊಕ್ಕೆ ಇರುವ ಡಿಜಿಟಲ್ ತಕ್ಕಡಿ ಸಾವಿರ ರೂಪಾಯಿ ಒಳಗೆ ಸಿಕ್ಕಿತು. ಗೋಣಿಚೀಲಕ್ಕೆ ನಾಲ್ಕು ತೂತು ಮಾಡಿ, ಕಾಲು ಇಳಿಬಿಟ್ಟು, ತೊಲೆಗೆ ನೇತು ಹಾಕುತ್ತೇವೆ. ಟಗರು ಒದ್ದಾಡಿದರೆ ಅಂಕಿ ಕುಣಿಯುತ್ತದೆ, ಕಣ್ಣಿನ ಮೇಲೆ ಟವೆಲ್ ಹಾಕಿದರೆ ಸುಮ್ಮನಾಗುತ್ತದೆ. ಅದೇನು ದೊಡ್ಡ ವಿಷಯ ಅಲ್ಲ.

ನಿಜವಾದ ತಲೆನೋವು ಅದರ ಹೊಟ್ಟೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 27 ಕೆಜಿ ತೋರಿಸಿದ ಟಗರು ಸಂಜೆ ಹೊಟ್ಟು ತಿಂದು ನೀರು ಕುಡಿದು ನಿಂತರೆ 30 ತೋರಿಸುತ್ತದೆ. ಮೂರು ಕೆಜಿ ಒಂದೇ ದಿನಕ್ಕೆ! ಚೆನ್ನಾಗಿ ಮೇಯಿಸಿದರೂ ನಮ್ಮ ನಾಡ ತಳಿ ದಿನಕ್ಕೆ ನೂರು, ನೂರೈವತ್ತು ಗ್ರಾಂ ಬಂದರೆ ಹೆಚ್ಚು. ಅಂದರೆ ಮೂರು ವಾರದ ಬೆಳವಣಿಗೆಯಷ್ಟು ತೂಕ ಬರೀ ಹೊಟ್ಟೆಯೊಳಗಿನ ಮೇವು, ನೀರು. ಸಂತೆಯಲ್ಲಿ ಒಬ್ಬ ದಲಾಳಿ ತೂಕದ ಮೇಲೆ ಕೊಟ್ಟ ಮರಿಗಳು ನಮ್ಮ ರೊಪ್ಪದಲ್ಲಿ ಒಂದು ರಾತ್ರಿ ಕಳೆಯುವಷ್ಟರಲ್ಲೇ ಇಳಿದುಹೋಗಿದ್ದವು. ಉಪ್ಪು ನೆಕ್ಕಿಸಿ ನೀರು ಕುಡಿಸಿ ತೂಕಕ್ಕೆ ತರುವ ಈ ಆಟ ನೋಡಿದರೆ ಈಗಲೂ ಸಿಟ್ಟು ಬರುತ್ತದೆ, ಪಾಪ ಕೊಂಡವರ ದುಡ್ಡು ನೀರಿಗೆ ಹೋಗುತ್ತದೆ ಅಲ್ವಾ.

ಹಾಗಾಗಿ ತೂಗುವುದಾದರೆ ಬೆಳಿಗ್ಗೆ, ಮೇವು ಹಾಕುವ ಮೊದಲು, ಪ್ರತಿ ಸಲ ಅದೇ ಹೊತ್ತಿಗೆ. ಇಷ್ಟೆಲ್ಲಾ ಮಾಡಿದರೂ ತಕ್ಕಡಿ ಹೇಳುವುದು ಭಾರ ಮಾತ್ರ, ಹದ ಅಲ್ಲ. ಎತ್ತರದ ಮೂಳೆಯ ಟಗರು 35 ಕೆಜಿ ಆದರೂ ಬೆನ್ನು ಬರಿದಾಗಿರುತ್ತದೆ. ಗಿಡ್ಡನೆಯದು 26ಕ್ಕೇ ತುಂಬಿಕೊಂಡು ನಿಂತಿರುತ್ತದೆ.

ಇನ್ನು ಕೈ. ಟಗರನ್ನು ಸಮ ನೆಲದಲ್ಲಿ ನಿಲ್ಲಿಸಿ. ಕೊನೆಯ ಪಕ್ಕೆಲುಬು ದಾಟಿ, ಸೊಂಟದ ಮೂಳೆ ಬರುವ ಮುಂಚೆ ಒಂದು ಗೇಣು ಜಾಗ ಇದೆ. ಉಣ್ಣೆ ಕತ್ತರಿಸಿರದಿದ್ದರೆ ಬೆರಳಲ್ಲಿ ಸರಿಸಿ ಚರ್ಮಕ್ಕೇ ಕೈ ಇಡಬೇಕು, ಇಲ್ಲಾಂದ್ರೆ ಉಣ್ಣೆಯೇ ಮಾಂಸ ಅನ್ನಿಸಿಬಿಡುತ್ತದೆ. ಹೆಬ್ಬೆರಳು ಬೆನ್ನುಮೂಳೆ ಮೇಲೆ, ಉಳಿದ ಬೆರಳು ಪಕ್ಕಕ್ಕೆ ಚಾಚಿದ ಅಡ್ಡಮೂಳೆಗಳ ತುದಿಗೆ. ನಿಮ್ಮ ಮುಷ್ಟಿ ಬಿಗಿಹಿಡಿದು ಗೆಣ್ಣು ಸವರಿದ ಹಾಗೆ ಚೂಪಾಗಿ ಸಿಕ್ಕರೆ ಇನ್ನೂ ಮೇಯಿಸಬೇಕು. ಕೈ ಚಪ್ಪಟೆ ಮಾಡಿ ಬೆರಳುಗಳ ಹಿಂಭಾಗ ಸವರಿದ ಹಾಗೆ, ಮೂಳೆ ಇದೆ ಅಂತ ಗೊತ್ತಾಗಿಯೂ ದುಂಡಗೆ ಸಿಕ್ಕರೆ ಅದೇ ಹದ. ಅಂಗೈ ಒತ್ತಿದ ಹಾಗೆ ಮೆತ್ತಗಿದ್ದು, ಎಷ್ಟು ಒತ್ತಿದರೂ ಮೂಳೆ ಸಿಗದಿದ್ದರೆ ಕೊಬ್ಬು ಜಾಸ್ತಿ ಆಗಿದೆ.

ಹದ ದಾಟಿದ ಮೇಲೆ ಮೇಯಿಸುವುದು ಸುಮ್ನೆ ನಷ್ಟ. ಒಂದು ಕೆಜಿ ಕೊಬ್ಬು ಕಟ್ಟೋಕೆ ಒಂದು ಕೆಜಿ ಮಾಂಸಕ್ಕಿಂತ ಎಷ್ಟೋ ಹೆಚ್ಚು ಮೇವು ಬೇಕು. ಆ ಕೊಬ್ಬೂ ಮೂತ್ರಪಿಂಡದ ಸುತ್ತ, ಕರುಳಿನ ಮೇಲೆ ಕೂತಿರುತ್ತದೆ, ಸಾರಿಗೆ ಬರುವುದಿಲ್ಲ. ನನ್ನ ಮೆಕ್ಕೆಜೋಳ ಅಲ್ಲಿಗೆ ಹೋಗುವುದು ನನಗೆ ಬೇಡ.

ಟೇಪು: ಮುಂಗಾಲ ಹಿಂದೆ ಎದೆಸುತ್ತಳತೆ, ಅದನ್ನು ಅದರಿಂದಲೇ ಗುಣಿಸಿ, ಮತ್ತೆ ಮೈ ಉದ್ದದಿಂದ ಗುಣಿಸಿ, ಇಂಚಿನಲ್ಲಿ ಅಳೆದಿದ್ದರೆ 660ರಿಂದ ಭಾಗಿಸಿದರೆ ಹೆಚ್ಚುಕಮ್ಮಿ ಕೆಜಿ ಬರುತ್ತದೆ. 28 ಇಂಚು ಸುತ್ತು, 26 ಇಂಚು ಉದ್ದ ಅಂದರೆ ಸುಮಾರು 31 ಕೆಜಿ. ಉಣ್ಣೆ ಬೆಳೆದಿದ್ದರೆ ಲೆಕ್ಕ ಕೆಡುತ್ತದೆ. ತಕ್ಕಡಿ ಇಲ್ಲದವರಿಗೆ ಸಾಕು.

ಹಲ್ಲು ವಯಸ್ಸು ಹೇಳುತ್ತದೆ, ಅಷ್ಟೇ. ಹಾಲುಹಲ್ಲು ಬಿದ್ದು ಮುಂದಿನ ಎರಡು ದೊಡ್ಡ ಹಲ್ಲು ಬಂದರೆ ವರ್ಷ ದಾಟಿದೆ ಅಂತ ಲೆಕ್ಕ. ಬಕ್ರೀದ್‌ಗೆ ಕೊಳ್ಳುವವರು ಬಾಯಿ ಬಿಡಿಸಿ ನೋಡುವುದು ಇದಕ್ಕೇ, ಆ ಗಿರಾಕಿ ಇದ್ದರೆ ನೀವೂ ನೋಡಿಕೊಳ್ಳಿ. ಮನೆಗಾದರೆ ಎಳೆಯದೇ ಚೆಂದ, ಬೇಗ ಬೇಯುತ್ತದೆ.

ನನ್ನ ಹಾಗೆ ನಾಲ್ಕೈದು ಕಟ್ಟುವವರು, ದಿನಾ ರೊಪ್ಪದಲ್ಲಿ ಕೈಯಾಡಿಸುವವರು ತಕ್ಕಡಿಗೆ ದುಡ್ಡು ಹಾಕಲೇಬೇಕಿಲ್ಲ, ವಾರಕ್ಕೊಮ್ಮೆ ಬೆನ್ನು ಮುಟ್ಟಿದರೆ ಕೈಗೇ ಗೊತ್ತಾಗುತ್ತದೆ. ತೂಕದ ಮೇಲೆ ಮಾರುವವರಿಗೆ ತಕ್ಕಡಿ ಬೇಕು, ರೇಟು ಮಾತಾಡುವಾಗ ನಮ್ಮ ಕೈಲೂ ಒಂದು ಅಂಕಿ ಇರಲಿ. ಮನೆ ಲೆಕ್ಕಕ್ಕೂ ಅದು ಬರುತ್ತದೆ: ಹದವಾದ 30 ಕೆಜಿ ಟಗರಿನಲ್ಲಿ ತಲೆ, ಕಾಲು, ಚರ್ಮ, ಬೋಟಿ ಬಿಟ್ಟು ಮೂಳೆ ಸಮೇತ 13ರಿಂದ 15 ಕೆಜಿ ಬಾಡು ಬರುತ್ತದೆ, ಜಾತ್ರೆಗೆ ಎಷ್ಟು ನೆಂಟರನ್ನು ಕರೆಯಬಹುದು ಅಂತ ಇದರ ಮೇಲೆ ನೋಡಿಕೊಳ್ಳಿ. ಜಂತಿನ ಔಷಧಿ ಹಾಕಿದ್ದರೆ ಬಾಟಲಿ ಮೇಲೆ ಬರೆದಷ್ಟು ದಿನ ಬಿಟ್ಟೇ ಕೊಯ್ಯಿರಿ. ಹಿಂದಿನ ರಾತ್ರಿ ಮೇವು ಬೇಡ, ನೀರು ಮಾತ್ರ ಇಡಿ. ಬೋಟಿ ತೊಳೆಯುವ ಹೆಂಗಸರಿಗೆ ಅರ್ಧ ಕೆಲಸ ಕಮ್ಮಿ ಆಗುತ್ತದೆ.