ನಗೆಟ್ಸ್: ಇಪ್ಪತ್ತೇಳು ಹಾಡುಗಳು, ಅವುಗಳ ಸುತ್ತ ಬೆಳೆದ ಪೆಟ್ಟಿಗೆ

ರಾಕ್ ಸಂಗೀತದ ಸಂಕಲನಗಳಲ್ಲಿ ಹೆಚ್ಚಿನವು ಎಲ್ಲರ ಬಾಯಲ್ಲೂ ಇರುವ ಹಾಡುಗಳನ್ನೇ ಹೊಸ ಹೊದಿಕೆಯಲ್ಲಿ ಮಾರುತ್ತವೆ. 1972ರಲ್ಲಿ ಅಮೆರಿಕದ ಎಲೆಕ್ಟ್ರಾ ಕಂಪನಿ ಹೊರತಂದ 'ನಗೆಟ್ಸ್' ಎಂಬ ಜೋಡಿ ಎಲ್‌ಪಿ (ಹಲವು ಹಾಡುಗಳ ದೊಡ್ಡ ಗ್ರಾಮಫೋನ್ ತಟ್ಟೆ) ಆ ಜಾತಿಗೆ ಸೇರಿದ್ದಲ್ಲ. ಕಂಪನಿಯ ಸ್ಥಾಪಕ ಜಾಕ್ ಹೋಲ್ಜ್‌ಮನ್ ಅವರ ಅಪೇಕ್ಷೆಯಂತೆ ಇದನ್ನು ಸಂಪಾದಿಸಿದ ಲೆನ್ನಿ ಕೇ ಆಗ ಸಂಗೀತ ಪತ್ರಕರ್ತರಾಗಿದ್ದರು, ಮುಂದೆ ರಾಕ್ ಗಾಯಕಿ ಪ್ಯಾಟಿ ಸ್ಮಿತ್ ಅವರ ತಂಡದ ಗಿಟಾರ್ ವಾದಕರಾದರು. 1965ರಿಂದ 1968ರ ನಡುವೆ ಒಂದೆರಡು ಸಿಂಗಲ್‌ಗಳಿಂದ, ಅಂದರೆ ಬಿಡಿ ಹಾಡಿನ ರೆಕಾರ್ಡ್‌ಗಳಿಂದ, ಸದ್ದು ಮಾಡಿ ಮರೆಯಾಗುತ್ತಿದ್ದ ಹಲವು ತಂಡಗಳಿಂದ ಅವರು 27 ಹಾಡುಗಳನ್ನು ಆಯ್ದರು.

ರೈನೋ ಸಂಸ್ಥೆ 1998ರಲ್ಲಿ ಅದನ್ನು ನಾಲ್ಕು ಸಿ.ಡಿ.ಗಳ, 118 ಹಾಡುಗಳ ಪೆಟ್ಟಿಗೆಯಾಗಿ ಹಿಗ್ಗಿಸಿತು. ಹಳೆಯ 27 ಹಾಡುಗಳನ್ನು ಹೊಸದರ ನಡುವೆ ಚದುರಿಸದೆ, ಮೊದಲ ಸಿ.ಡಿ.ಯಲ್ಲಿ ಹಿಂದಿನ ಅನುಕ್ರಮದಲ್ಲಿಯೇ ಉಳಿಸಿಕೊಂಡದ್ದು ಈ ಪೆಟ್ಟಿಗೆಯ ಅತ್ಯಂತ ವಿವೇಕದ ನಿರ್ಧಾರವೆಂದು ನಾನು ಭಾವಿಸುತ್ತೇನೆ, ಏಕೆಂದರೆ ಕೇ ಅವರ ವಿಮರ್ಶೆ ಇರುವುದು ಆ ಅನುಕ್ರಮದಲ್ಲಿಯೇ. ಎಲೆಕ್ಟ್ರಿಕ್ ಪ್ರೂನ್ಸ್ ತಂಡದ, ಹಿಮ್ಮುಖವಾಗಿ ಓಡಿಸಿದ ಟೇಪಿನ ಗಿಟಾರ್ ಝೇಂಕಾರದಿಂದ ಸಂಕಲನ ತೆರೆದುಕೊಳ್ಳುತ್ತದೆ. ಅದರ ಬೆನ್ನಿಗೇ ಬಾಸ್ಟನ್ ನಗರದ ಕೊಳಕು ನೀರನ್ನು ಹೊಗಳುವ ಸ್ಟ್ಯಾಂಡೆಲ್ಸ್ ಬರುತ್ತಾರೆ, ಅವರಾದರೋ ಲಾಸ್ ಏಂಜಲೀಸ್‌ನವರು. ನಾಲ್ಕನೆಯದಾದ ನಿಕರ್‌ಬಾಕರ್ಸ್ ಹಾಡನ್ನು ಮೊದಲ ಸಲ ಕೇಳುವವರು ಬೀಟಲ್ಸ್ ಎಂದೇ ತಿಳಿದುಕೊಂಡಾರು. ಟೆಕ್ಸಾಸ್‌ನ ಥರ್ಟೀನ್ತ್ ಫ್ಲೋರ್ ಎಲಿವೇಟರ್ಸ್ ತಂಡದಲ್ಲಿ ರೋಕಿ ಎರಿಕ್‌ಸನ್ ಅವರ ಕಿರುಚು ದನಿಯ ಕೆಳಗೆ ಪಾರಿವಾಳದ ಗುಟುರಿನಂಥದೊಂದು ನಾದ ಬಿಡದೆ ಮಿಡಿಯುತ್ತದೆ. ಅದು ಟಾಮಿ ಹಾಲ್ ಅವರ ಹೂಜಿ. ನಮ್ಮ ಘಟದ ಹಾಗೆ ಬೆರಳಿನಿಂದ ನುಡಿಸುವುದಲ್ಲ, ಮೈಕಿನೊಂದಿಗೆ ಬಾಯಿಯ ಬಳಿ ಹಿಡಿದು ಅದರೊಳಗೆ ದನಿಗೂಡಿಸುವುದು. ಎಷ್ಟು ಸಲ ಕೇಳಿದರೂ ಆ ಎರಡೂವರೆ ನಿಮಿಷ ನನಗೆ ಹಳತಾಗಿಲ್ಲ.

ಉಳಿದ ಮೂರು ಸಿ.ಡಿ.ಗಳ 91 ಹಾಡುಗಳ ವಿಷಯದಲ್ಲಿ ಅದೇ ಮಾತು ಹೇಳಲಾರೆ. ಅವುಗಳಲ್ಲಿ ರತ್ನಗಳಿವೆ, ಆದರೆ ಒರಟಾಗಿ ಗುರುಗುಡುವ ಫಜ್ ಗಿಟಾರ್, ತೆಳು ದನಿಯ ಆರ್ಗನ್, ಕೈಬಿಟ್ಟು ಹೋದ ಹುಡುಗಿಯ ಮೇಲಿನ ಸಿಟ್ಟು ಇವೇ ಮರಳಿ ಮರಳಿ ಬರುವುದರಿಂದ ಒಂದೇ ಪಟ್ಟಿಗೆ ಕೇಳಿದರೆ ಒಂದು ಹಾಡು ಮತ್ತೊಂದರಲ್ಲಿ ಕರಗಿಹೋಗುತ್ತದೆ. ದಿನಕ್ಕೆ ಐದಾರು ಹಾಡುಗಳಂತೆ ಕೇಳುವುದು ಲೇಸು. ಯಾವ ಊರಿನಲ್ಲಿ ಯಾವ ತಂಡ ಏನು ಮಾಡುತ್ತಿತ್ತು ಎಂದು ತಿಳಿಯಬಯಸುವವರಿಗೆ ಮಾತ್ರ ಈ ವಿಸ್ತಾರ ನಿಜವಾಗಿ ಬೇಕು. ಕೇಳುವ ಸುಖವಷ್ಟೇ ಸಾಕೆನ್ನುವವರು ಮೂಲದ ಜೋಡಿ ಎಲ್‌ಪಿಯನ್ನೇ ಹುಡುಕಲಿ. 2001ರಲ್ಲಿ ಬಂದ ಎರಡನೆಯ ಪೆಟ್ಟಿಗೆ ಬ್ರಿಟನ್ ಮತ್ತಿತರ ದೇಶಗಳ 109 ಹಾಡುಗಳದ್ದು, ಅದರ ರುಚಿಯೇ ಬೇರೆ.

ಬಳಸಿದ ಪ್ರತಿಯನ್ನು ಕೊಳ್ಳುವವರು ಸಿ.ಡಿ.ಗಳ ಗೀರುಗಳನ್ನು ನೋಡುವ ಮುನ್ನ ಪುಸ್ತಿಕೆ ಇದೆಯೇ ಎಂದು ನೋಡಬೇಕು. ಕೇ ಅವರು 1972ರಲ್ಲಿ ಬರೆದ ಟಿಪ್ಪಣಿ ಅದರಲ್ಲಿದೆ. ಇಂಗ್ಲೆಂಡಿನಲ್ಲಿ ಪಂಕ್ ಎಂಬ ಒರಟು, ಬಂಡುಕೋರ ರಾಕ್‌ನ ಅಲೆ ಏಳುವುದಕ್ಕೆ ನಾಲ್ಕು ವರ್ಷ ಮೊದಲೇ ಅವರು ಈ ಹುಡುಗರ ಸಂಗೀತವನ್ನು 'ಪಂಕ್ ರಾಕ್' ಎಂದು ಕರೆದದ್ದು ಅಲ್ಲಿಯೇ.